ಚಿತ್ರಕೃಪೆ: ಅಂತರ್ಜಾಲ

ಅಂತರ್ಜಾಲ ಅನ್ನೋ ಹೆಸರಿನ ಚಿತ್ರಕಾರ ಯಾರೂ ಇಲ್ಲ. ಇದ್ದಿದ್ರೆ ಇಷ್ಟು ಹೊತ್ತಿಗೆ ಅವನಿಗೆ ರಾಜ್ಯೋತ್ಸವ ಪ್ರಶಸ್ತಿ ಬಂದಿರೋದು. ಕನ್ನಡದಲ್ಲಿ ಇವತ್ತು ಅವನಷ್ಟು ಕೆಲಸ ಮಾಡ್ತಿರೋ ಕಲಾವಿದ ಇನ್ನೊಬ್ಬ ಇಲ್ಲ. ಕವನ ಸಂಕಲನದ ಮುಖಪುಟ ಅವನದ್ದು, ಸಂಘದ ಸ್ಮರಣ ಸಂಚಿಕೆ ಅವನದ್ದು, ಮಕ್ಕಳ ಕಥೆ ಪುಸ್ತಕದ ಕರಡಿ, ನರಿ, ಮೊಸಳೆ ಎಲ್ಲಾ ಅವನವೇ. ಕೆಳಗೆ ಸಣ್ಣ ಅಕ್ಷರದಲ್ಲಿ 'ಚಿತ್ರಕೃಪೆ: ಅಂತರ್ಜಾಲ'. ಕೃಪೆಯಂತೆ! ಯಾರದೋ ಹಿತ್ತಿಲಿಗೆ ನುಗ್ಗಿ ಮಾವಿನಕಾಯಿ ಕಿತ್ಕೊಂಡು ಬಂದು, ಬುಟ್ಟಿ ಮೇಲೆ 'ಕೃಪೆ: ಮರ' ಅಂತ ಚೀಟಿ ಅಂಟಿಸಿದ ಹಾಗೆ.

ಬೈಯೋಕೆ ಮುಂಚೆ ನನ್ನ ತಪ್ಪು ಒಪ್ಪಿಕೊಂಡುಬಿಡ್ತೀನಿ. ಆ ಚೀಟಿ ನಾನೂ ಅಂಟಿಸಿದ್ದೀನಿ.

ಬೆಂಗಳೂರಲ್ಲಿ ನಾವು ಆರು ಜನ ಗೆಳೆಯರು ತಿಂಗಳಿಗೊಂದು ಭಾನುವಾರ ಸೇರಿ ಓದ್ತೀವಿ. ಎಲ್ಲರೂ ನನ್ನ ಹಾಗೆ ಸಾಫ್ಟ್‌ವೇರು, ಬ್ಯಾಂಕು, ಆಡಿಟ್ ಅಂತ ವಾರವಿಡೀ ಬೇರೆ ಏನೋ ಮಾಡೋರು. ಶೋಲೆಮ್ ಅಲೈಖೆಮ್ ಅನ್ನೋ ಯಿದ್ದಿಷ್ ಲೇಖಕನ ಹುಡುಗ ಮೋಟ್ಲ್ ನಮಗೆಲ್ಲ ತುಂಬಾ ಹಿಡಿಸಿದ. ಅವನ ಕಥೆಯ ಮೂರು ಅಧ್ಯಾಯ ಇಂಗ್ಲಿಷಿನಿಂದ ಕನ್ನಡಕ್ಕೆ ತಂದು ಅರವತ್ತು ಪ್ರತಿ ಅಚ್ಚು ಹಾಕಿಸಿದ್ವಿ, ಸ್ನೇಹಿತರಿಗೆ ಹಂಚೋಕೆ. ಪುಟ ವಿನ್ಯಾಸ ನಂದು. ಮುಖಪುಟಕ್ಕೆ ನೆಟ್ಟಲ್ಲಿ ಒಂದು ಚಿತ್ರ ಸಿಕ್ತು. ಕಪ್ಪು ಬಿಳುಪು, ಬಾಗಿದ ಬೆನ್ನುಗಳು, ಮಾತಾಡೋ ಕೈಗಳು, ಸ್ವಲ್ಪ ಗೇಲಿ, ಅಷ್ಟೇ ಮರುಕ. ಕಥೆಗೆ ಹೇಳಿ ಮಾಡಿಸಿದ ಹಾಗಿತ್ತು. ಹಾಕಿದೆ. ಎರಡನೇ ಪುಟದಲ್ಲಿ ಅನುವಾದಕರ ಹೆಸರು ಹಾಕಿದೆ, 'ಪುಟ ವಿನ್ಯಾಸ' ಅಂತ ನನ್ನ ಹೆಸರು ಹಾಕ್ಕೊಂಡೆ (ಮರೀಲಿಲ್ಲ ನೋಡಿ), ಚಿತ್ರದ ಮುಂದೆ ಆ ಎರಡು ಪದ ಹಾಕಿದೆ.

ದಸರಾ ರಜೆಗೆ ತರೀಕೆರೆಗೆ ಹೋದಾಗ ಒಂದು ಪ್ರತಿ ಸೋದರಮಾವನಿಗೆ ಕೊಟ್ಟೆ. ಮಾಮ ನಿವೃತ್ತ ಡ್ರಾಯಿಂಗ್ ಮೇಷ್ಟ್ರು. ಪುಸ್ತಕ ತೆಗೆಯಲೇ ಇಲ್ಲ, ಮುಖಪುಟಾನೇ ಕಿಟಕಿ ಬೆಳಕಿಗೆ ಹಿಡಿದು ನೋಡಿದ್ರು.

"ಇದು ಕಲ್ಲಚ್ಚು ಕಣೋ. ಯಾರು ಬರೆದಿದ್ದು?"

"ಗೊತ್ತಿಲ್ಲ ಮಾಮ. ನೆಟ್ಟಲ್ಲಿ ಸಿಕ್ತು."

"ಸಿಕ್ತು ಅಂದ್ರೆ? ಬಿದ್ದಿತ್ತಾ?"

ಅಷ್ಟೇ ಕೇಳಿದ್ದು. ಆಮೇಲೆ ಕಾಫಿ ಬಂತು, ಮಾತು ಅಡಿಕೆ ರೇಟಿನ ಕಡೆ ಹೋಯ್ತು. ರಾತ್ರಿ ಮಲಗಿಕೊಂಡು ಫೋನಲ್ಲಿ ಆ ಚಿತ್ರವನ್ನೇ ಕೊಟ್ಟು ಹುಡುಕಿದೆ. ಎರಡು ನಿಮಿಷ ಬೇಕಾಯ್ತು. ಎರಡೇ ನಿಮಿಷ, ಅದೂ ಊರಿನ ನೆಟ್‌ವರ್ಕಲ್ಲಿ. ಬರೆದವಳ ಹೆಸರು ರಾಹೆಲ್ ಶಾಲಿಟ್. ಆಶ್ವಿಟ್ಜ್‌ನಲ್ಲಿ ಕೊಲೆಯಾದವಳು.

ಇಂಥ ಒಬ್ಬಳ ಚಿತ್ರದ ಕೆಳಗೆ ನಾನು 'ಅಂತರ್ಜಾಲ' ಅಂತ ಬರೆದಿದ್ದೆ.

ರಾಹೆಲ್ ಬೆಳೆದದ್ದು ಪೋಲೆಂಡಿನ ಲೋಡ್ಜ್ ಪಟ್ಟಣದಲ್ಲಿ. ಚಿತ್ರ ಕಲಿಯೋಕೆ ಮ್ಯೂನಿಕ್‌ಗೆ ಹೋದಳು, ಅಲ್ಲಿಂದ ಬರ್ಲಿನ್‌ಗೆ. ಗಂಡ ಯೂಲಿಯಸ್ ಶಾಲಿಟ್ ನಾಟಕದ ನಟ. 1919ರಲ್ಲಿ ಅವನು ಆತ್ಮಹತ್ಯೆ ಮಾಡಿಕೊಂಡ. ಅದಾದ ಮೇಲಿನ ನಾಲ್ಕೈದು ವರ್ಷಗಳಲ್ಲೇ ಈಕೆ ಹೆಸರು ಮಾಡಿದ ಪುಸ್ತಕಚಿತ್ರಗಳೆಲ್ಲ ಬಂದವು. ಶೋಲೆಮ್ ಅಲೈಖೆಮ್‌ನ ಮೋಟ್ಲ್, ಮೆಂಡೆಲೆಯ ಕುಂಟ ಫಿಶ್ಕೆ, ಹೈನೆಯ ಹೀಬ್ರೂ ಗೀತೆಗಳು, ದಾಸ್ತೊಯೆವ್‌ಸ್ಕಿ, ಡಿಕೆನ್ಸ್. ಬರ್ಲಿನ್ನಿನ ಓದುಗರು ಯಿದ್ದಿಷ್ ಹಳ್ಳಿಯ ಬಡವರನ್ನು ಕಣ್ಣಾರೆ ಕಂಡದ್ದು ಇಂಥವರ ಚಿತ್ರಗಳಲ್ಲಿ. ಆ ಬಡವರನ್ನು ಈಕೆ ದೇವತೆಗಳ ಹಾಗೆ ಬರೆಯಲಿಲ್ಲ. ಜಗಳಗಂಟರಾಗಿ, ಹಸಿದವರಾಗಿ, ತಮಾಷೆಯವರಾಗಿ ಬರೆದಳು. ಬೇರೆಯವರು ಹಾಗೆ ಬರೆದಿದ್ದರೆ ಅವಮಾನ ಅನ್ನಿಸಬಹುದಿತ್ತು. ಒಳಗಿನವಳು ಬರೆದದ್ದರಿಂದ ಅದು ಮನೆ ಮಂದಿಯ ಮೇಲಿನ ಸಲಿಗೆ.

1933ರಲ್ಲಿ ಹಿಟ್ಲರ್ ಬಂದ. ರಾಹೆಲ್ ಪ್ಯಾರಿಸ್‌ಗೆ ಓಡಿದಳು. ಏಳು ವರ್ಷದಲ್ಲಿ ಜರ್ಮನ್ ಸೈನ್ಯ ಅಲ್ಲಿಗೂ ಬಂತು. 1942ರ ಜುಲೈ 16 ಮತ್ತು 17ರಂದು ಪ್ಯಾರಿಸ್ಸಿನಲ್ಲಿ ಹದಿಮೂರು ಸಾವಿರಕ್ಕೂ ಹೆಚ್ಚು ಯಹೂದಿಗಳನ್ನು ಮನೆಮನೆಯಿಂದ ಎಳೆದು ತಂದರು. ಎಳೆದವರು ಜರ್ಮನ್ನರಲ್ಲ, ಫ್ರೆಂಚ್ ಪೊಲೀಸರು. ಆ ಜುಲೈನಲ್ಲೇ ರಾಹೆಲ್ ಕೂಡ ಸಿಕ್ಕಿಬಿದ್ದಳು. ಆಗಸ್ಟ್‌ನಲ್ಲಿ ಆಶ್ವಿಟ್ಜ್. ಅವಳ ಸ್ಟುಡಿಯೋ ಲೂಟಿಯಾಯ್ತು. ತೈಲಚಿತ್ರಗಳು ಬಹುಪಾಲು ಹೋದವು, ಒಂದೇ ಪ್ರತಿ ಇರೋದು ಹೋದರೆ ಹೋಯ್ತು.

ಉಳಿದದ್ದು ಏನು? ಪುಸ್ತಕಗಳಲ್ಲಿದ್ದ ಚಿತ್ರಗಳು. ಕಲ್ಲಚ್ಚು ಅಂದ್ರೆ ನಯ ಮಾಡಿದ ಸುಣ್ಣಕಲ್ಲಿನ ಮೇಲೆ ಜಿಡ್ಡಿನ ಬಳಪದಲ್ಲಿ ಬರೆಯೋದು. ಕಲ್ಲನ್ನು ಒದ್ದೆ ಮಾಡಿ ಶಾಯಿ ಉರುಳಿಸಿದರೆ ನೀರಿದ್ದ ಕಡೆ ಹಿಡಿಯಲ್ಲ, ಜಿಡ್ಡಿದ್ದ ಕಡೆ ಹಿಡಿಯುತ್ತೆ. ಒಂದೇ ಕಲ್ಲಿಂದ ನೂರಾರು ಪ್ರತಿ. ಆ ಪ್ರತಿಗಳು ಊರೂರಿನ ಲೈಬ್ರರಿಗಳಿಗೆ, ಮನೆಗಳಿಗೆ ಹೋಗಿದ್ದವು. ಲೂಟಿ ಮಾಡೋರಿಗೆ ಎಲ್ಲಾ ಕಡೆ ಹೋಗೋಕಾಗಲಿಲ್ಲ. ಎಲ್ಲಕ್ಕಿಂತ ಮುಖ್ಯ, ಆ ಪುಸ್ತಕಗಳ ಮೊದಲ ಪುಟದಲ್ಲಿ ಲೇಖಕನ ಜೊತೆ ಇವಳ ಹೆಸರೂ ಅಚ್ಚಾಗಿತ್ತು. 2024ರಲ್ಲಿ ಕೆರ್ರಿ ವಾಲಾಕ್ ಅನ್ನೋ ಅಮೆರಿಕದ ಸಂಶೋಧಕಿ ರಾಹೆಲ್ ಶಾಲಿಟ್ ಬದುಕಿನ ಮೇಲೆ ಒಂದು ಇಡೀ ಪುಸ್ತಕ ತಂದರು. ಎಳೆ ಇದ್ದದ್ದರಿಂದ ತಾನೆ ಎಳೆಯೋಕೆ ಸಾಧ್ಯವಾದದ್ದು? ಆ ಹಳೇ ಪುಸ್ತಕಗಳಲ್ಲಿ 'ಚಿತ್ರಕೃಪೆ: ಬರ್ಲಿನ್' ಅಂತ ಇದ್ದಿದ್ರೆ ಏನು ಹುಡುಕಬೇಕಿತ್ತು ಆಯಮ್ಮ?

ಒಂದು ವಿಷಯ ನನಗೆ ಇನ್ನೂ ಜೀರ್ಣ ಆಗಿಲ್ಲ. ಹೆಸರು ಬರೆದಿಡೋ ವಿಚಾರದಲ್ಲಿ ಕೊಲೆಗಾರರು ಯಾವತ್ತೂ ಉದಾಸೀನ ಮಾಡಲಿಲ್ಲ. 1940ರಲ್ಲೇ ಪ್ಯಾರಿಸ್ ಯಹೂದಿಗಳ ಗಣತಿ ಮಾಡಿ, ಪೊಲೀಸ್ ಕಚೇರಿಯಲ್ಲಿ ಕಾರ್ಡುಗಳ ಕಪಾಟು ಮಾಡಿಟ್ಟಿದ್ದರು. ಹೆಸರಿನ ಪ್ರಕಾರ ಬೇಕಾ, ಬೀದಿ ಪ್ರಕಾರ ಬೇಕಾ, ಕಸುಬಿನ ಪ್ರಕಾರ ಬೇಕಾ, ತೆಗೆದು ಕೊಡೋ ಹಾಗೆ. ಸಾಯಿಸೋಕೆ ಬೇಕಾದಾಗ ಒಬ್ಬ ಮನುಷ್ಯನ ಹೆಸರು ಅಷ್ಟು ಅಚ್ಚುಕಟ್ಟಾಗಿ ಸಿಗುತ್ತೆ. ಅವನು ಮಾಡಿದ ಕೆಲಸದ ಕೆಳಗೆ ಹಾಕೋಕೆ ಮಾತ್ರ ಜಾಗ ಇರಲ್ಲ.

ಇಲ್ಲಿ ಒಬ್ಬರು ಎದ್ದು ನಿಲ್ತಾರೆ, ಗೊತ್ತು. 'ಏನಯ್ಯಾ, ಹಾಲೊಕಾಸ್ಟ್ ಎಲ್ಲಿ, ಕನ್ನಡ ಪುಸ್ತಕದಲ್ಲಿ ಒಂದು ಹೆಸರು ಬಿಟ್ಟುಹೋಗೋದು ಎಲ್ಲಿ? ಹೋಲಿಸೋಕೆ ನಾಚಿಕೆ ಆಗಲ್ವಾ?' ಹೋಲಿಸ್ತಾ ಇಲ್ಲ. ರಾಹೆಲ್‌ಳನ್ನು ಕೊಂದದ್ದು ಒಂದು ಸರ್ಕಾರ, ಅದರ ಪೊಲೀಸು, ಅದರ ರೈಲು. ಅದಕ್ಕೆ ಸಮ ಯಾವುದೂ ಇಲ್ಲ. ಆದರೆ ಯುದ್ಧ ಮುಗಿದ ಮೇಲೆ ಎಂಬತ್ತು ವರ್ಷ ಅವಳನ್ನು ಮರೆತದ್ದು ನಾಜಿಗಳಲ್ಲ. ಓದಿದವರು, ಸಜ್ಜನರು, ಸಂಪಾದಕರು, ಪುಸ್ತಕಪ್ರೇಮಿಗಳು. ನನ್ನ ನಿಮ್ಮಂಥವರು. ನಾನು ಜಗಳಕ್ಕೆ ಕೂತಿರೋದು ಆ ಎರಡನೇ ಗುಂಪಿನ ಜೊತೆ.

ಮರೆಯೋದರಲ್ಲೂ ಒಂದು ಲೆಕ್ಕಾಚಾರ ಇದೆ. ಬ್ರೂನೋ ಶುಲ್ಟ್ಜ್ ಹೆಸರು ನಮ್ಮಲ್ಲಿ ಸಾಹಿತ್ಯದ ಹುಚ್ಚಿರೋ ಕೆಲವರಿಗಾದರೂ ಗೊತ್ತು. ದ್ರೊಹೊಬಿಚ್ ಅನ್ನೋ ಸಣ್ಣ ಪಟ್ಟಣದ ಡ್ರಾಯಿಂಗ್ ಮೇಷ್ಟ್ರು. ತನ್ನ ಕಥೆಗಳಿಗೆ ತಾನೇ ಚಿತ್ರ ಬರೆದ, ಗೊಂಬ್ರೊವಿಚ್‌ನ 'ಫರ್ಡಿಡುರ್ಕೆ' ಕಾದಂಬರಿಗೂ ಬರೆದುಕೊಟ್ಟ. ಊರು ಜರ್ಮನ್ನರ ಕೈಗೆ ಹೋದಾಗ ಫೆಲಿಕ್ಸ್ ಲಾಂಡಾವ್ ಅನ್ನೋ ಗೆಸ್ಟಾಪೊ ಅಧಿಕಾರಿ ತನ್ನ ಮಕ್ಕಳ ಕೋಣೆಯ ಗೋಡೆಗೆ ಕಿನ್ನರ ಕಥೆಗಳ ಚಿತ್ರ ಬರೆಸಿಕೊಂಡ. ಬದಲಿಗೆ ಒಂದಿಷ್ಟು ರಕ್ಷಣೆ, ಒಂದಿಷ್ಟು ಊಟ. 1942ರ ನವೆಂಬರ್ 19ರಂದು ಇನ್ನೊಬ್ಬ ಗೆಸ್ಟಾಪೊದವನು ಶುಲ್ಟ್ಜ್‌ನನ್ನು ನಡುಬೀದಿಯಲ್ಲಿ ಗುಂಡಿಟ್ಟು ಕೊಂದ. 2001ರಲ್ಲಿ ಒಬ್ಬ ಜರ್ಮನ್ ಸಾಕ್ಷ್ಯಚಿತ್ರಕಾರ ಆ ಮನೆಯ ಬಣ್ಣದ ಪದರದಡಿ ಗೋಡೆಚಿತ್ರ ಪತ್ತೆ ಮಾಡಿದಾಗ ಜಗತ್ತೇ ಅಲ್ಲಿಗೆ ತಿರುಗಿತು. ಗಾಡಿ ಹೊಡೆಯುವವನಿಗೆ ಶುಲ್ಟ್ಜ್ ತನ್ನದೇ ಮುಖ ಕೊಟ್ಟಿದ್ದ. ಆ ಗೋಡೆ ಮೇಲೆ ಹಾಕಬಹುದಾಗಿದ್ದ ರುಜು ಅದೊಂದೇ ಇರಬೇಕು.

ಶುಲ್ಟ್ಜ್ ಉಳಿದ, ಯಾಕೆ? ಅವನು ಕಥೆಯನ್ನೂ ಬರೆದಿದ್ದ. ರಾಹೆಲ್ ಬರೀ ಚಿತ್ರ ಬರೆದಳು. ಪುಸ್ತಕ ಪ್ರಪಂಚದ ಜಾತಿ ಪದ್ಧತಿ ಇದು. ಅಕ್ಷರ ಬರೆಯೋನು ಮೇಲೆ, ಚಿತ್ರ ಬರೆಯೋನು ಕೆಳಗೆ.

ಕನ್ನಡದಲ್ಲಿ ಹೀಗಾಗೋದು ಇನ್ನೂ ವಿಚಿತ್ರ, ಯಾಕಂದ್ರೆ ನಮ್ಮ ಭಾಷೆಗೇ ಈ ಭೇದ ಇಲ್ಲ. ನಾವು ಕಥೇನೂ ಬರೀತೀವಿ, ಚಿತ್ರಾನೂ ಬರೀತೀವಿ. ಎರಡಕ್ಕೂ ಒಂದೇ ಕ್ರಿಯಾಪದ. ಇಂಗ್ಲಿಷಿಗೆ ಆ ಭಾಗ್ಯ ಇಲ್ಲ. ಭಾಷೆ ಕೊಟ್ಟ ಸಮಾನತೆಯನ್ನು ನಾವು ಎರಡನೇ ಪುಟದಲ್ಲಿ ಕಿತ್ತುಕೊಳ್ತೀವಿ.

ನಮ್ಮೂರಿಂದ ಹತ್ತು ಕಿಲೋಮೀಟರ್ ಆಚೆ ಅಮೃತಾಪುರ ಇದೆ. ಕೆಮ್ಮಣ್ಣುಗುಂಡಿಗೆ ಹೋಗೋ ಬೆಂಗಳೂರಿನವರು ಫೋಟೋ ಹೊಡ್ಕೊಳ್ಳೋಕೆ ನಿಲ್ಲಿಸ್ತಾರಲ್ಲ, ಅದೇ. 1196ರಲ್ಲಿ, ವೀರಬಲ್ಲಾಳನ ಕಾಲದಲ್ಲಿ, ಅಮೃತೇಶ್ವರ ದಂಡನಾಯಕ ಕಟ್ಟಿಸಿದ ದೇವಸ್ಥಾನ. ಮಂಟಪದ ಹೊರಗೋಡೆ ಮೇಲೆ 140 ಫಲಕ, ರಾಮಾಯಣಕ್ಕೆ 70, ಕೃಷ್ಣನ ಕಥೆಗೆ 25, ಮಹಾಭಾರತಕ್ಕೆ 45. ಓದು ಬಾರದವನೂ ಸುತ್ತು ಹಾಕ್ತಾ ಓದಬಹುದಾದ ಸಚಿತ್ರ ಪುಸ್ತಕ ಅದು. ಬಾಗಿಲ ಹತ್ತಿರ ಎತ್ತರದ ಶಾಸನ ಇದೆ, ಅದರ ಪದ್ಯಗಳು ಕವಿಚಕ್ರವರ್ತಿ ಜನ್ನನವು. ಜನ್ನ ಗೊತ್ತಲ್ಲ? 'ಯಶೋಧರ ಚರಿತೆ', 1209. ಹತ್ತನೇ ಕ್ಲಾಸಲ್ಲಿ ಓದಿದೀವಿ, ಕೆಎಎಸ್ ಕಟ್ಟೋರು ಬಾಯಿಪಾಠ ಮಾಡ್ತಾರೆ. ಒಳಗೆ ಕತ್ತೆತ್ತಿದರೆ ಕಾಣೋ ಛಾವಣಿಯ ಭುವನೇಶ್ವರಿಗಳಲ್ಲಿ ಕೆಲಸ ಮಾಡಿದ ಒಬ್ಬ ಹುಡುಗ ಇದ್ದಾನೆ, ರೂವಾರಿ ಮಲ್ಲಿತಮ್ಮ. ಅವನ ವೃತ್ತಿ ಶುರುವಾದದ್ದೇ ಅಲ್ಲಿ. ಅರವತ್ತು ವರ್ಷ ದಾಟಿ ಸೋಮನಾಥಪುರದಲ್ಲೂ ಅವನ ಉಳಿ ಆಡ್ತಾ ಇತ್ತು.

ಇದು ಹೇಗೆ ಗೊತ್ತಾಯ್ತು ಅಂದ್ರೆ, ಅವನು ಸಹಿ ಹಾಕ್ತಿದ್ದ. ಕೆಲವು ಕಡೆ 'ಮಲ್ಲಿ', ಕೆಲವು ಕಡೆ ಬರೀ 'ಮ'. ಕಲ್ಲಿನ ಮೇಲೆ ಒಂದಕ್ಷರ. ರಾಜ ಬೇಡ ಅನ್ನಲಿಲ್ಲ, ದಂಡನಾಯಕ ಅಳಿಸಲಿಲ್ಲ, 'ದೇವರ ಕೆಲಸದಲ್ಲಿ ನಿಂದೇನಯ್ಯಾ ಹೆಸರು' ಅಂತ ಪುರೋಹಿತರೂ ತಡೆಯಲಿಲ್ಲ. ಎಂಟುನೂರು ವರ್ಷದ ಹಿಂದೆ ತರೀಕೆರೆ ಸೀಮೆಯಲ್ಲಿ ಕವಿಯ ಜೊತೆ ಕೆಲಸ ಮಾಡಿದ ಶಿಲ್ಪಿಗೆ ಇದ್ದ ಅವಕಾಶ, ಅದೇ ಸೀಮೆಯ ಡ್ರಾಯಿಂಗ್ ಮೇಷ್ಟ್ರಿಗೆ 1980ರ ದಶಕದಲ್ಲಿ ಇರಲಿಲ್ಲ.

ಹೌದು, ಮಾಮನ ವಿಷಯಕ್ಕೆ ಬಂದೆ.

ಮಾಮ ಆ ಕಾಲದಲ್ಲಿ ಒಂದು ಪ್ರಕಾಶನಕ್ಕೆ ಮಕ್ಕಳ ಕಥೆ ಪುಸ್ತಕಗಳ ಚಿತ್ರ ಬರೆದುಕೊಡ್ತಿದ್ರು. ಹನ್ನೊಂದೋ ಹನ್ನೆರಡೋ ಪುಸ್ತಕ, ಅವರಿಗೇ ಲೆಕ್ಕ ಸರಿಯಾಗಿ ನೆನಪಿಲ್ಲ. ರಾತ್ರಿ ಊಟ ಆದಮೇಲೆ ಇಂಡಿಯನ್ ಇಂಕು, ಕ್ರೋಕ್ವಿಲ್ ನಿಬ್ಬು ಇಟ್ಕೊಂಡು ಕೂರ್ತಿದ್ರಂತೆ. ಬೆಳಿಗ್ಗೆ ರಟ್ಟಿನ ನಡುವೆ ಇಟ್ಟು ಬೆಂಗಳೂರು ಬಸ್ಸಿನ ಕಂಡಕ್ಟರ್ ಕೈಲಿ ಕಳಿಸೋದು. ಅವು ವಾಪಸ್ ಬರಲಿಲ್ಲ. ಪ್ರಕಾಶನ ಮುಚ್ಚಿತು, ಗೋಡೌನ್ ಖಾಲಿ ಆಯ್ತು, ಮೂಲ ಚಿತ್ರಗಳು ರದ್ದಿಗೆ ಹೋದವು ಅಂತ ಯಾರೋ ಹೇಳಿದ್ರಂತೆ. ಸರಿ, ಅಚ್ಚಾದ ಪುಸ್ತಕ ಇರಬೇಕಲ್ಲ, ಹುಡುಕೋಣ ಅಂತ ನಾನು ಹೊರಟೆ. ಲೈಬ್ರರಿ ಕ್ಯಾಟಲಾಗಿನಲ್ಲಿ ಏನಂತ ಹುಡುಕಲಿ? ಮಾಮನ ಹೆಸರು ಹೊಡೆದರೆ ಸೊನ್ನೆ. ಅಮ್ಮನ ಹತ್ರ ಒಂದು ಪ್ರತಿ ಇತ್ತು, ತೆಗೆದು ನೋಡಿದೆ. ಲೇಖಕರು ಇದ್ದಾರೆ, ಪ್ರಕಾಶಕರು ಇದ್ದಾರೆ, ಮುದ್ರಕರು ಇದ್ದಾರೆ, ಅಕ್ಷರ ಜೋಡಿಸಿದವರ ಹೆಸರಿದೆ, ಬೆಲೆ ಮೂರು ರೂಪಾಯಿ ಅಂತಲೂ ಇದೆ. ಇಪ್ಪತ್ನಾಲ್ಕು ಪುಟದಲ್ಲಿ ಹತ್ತೊಂಬತ್ತು ಚಿತ್ರ ಬರೆದವನು ಇಲ್ಲ.

ಈಗ ಉಳಿದಿರೋದು ಒಂದೇ ದಾರಿ. ಅವೆನ್ಯೂ ರೋಡಿನ ಹಳೇ ಪುಸ್ತಕದ ಅಂಗಡಿಗಳಲ್ಲಿ ಒಂದೊಂದೇ ಮಕ್ಕಳ ಪುಸ್ತಕ ತೆಗೆದು, ಗೆರೆ ನೋಡಿ ಗುರುತು ಹಿಡಿಯೋದು. ಮಾಮ ಬರೆಯೋ ಹಸುಗಳಿಗೆ ರೆಪ್ಪೆಗೂದಲು ಇರುತ್ತೆ. ಅದೇ ನನ್ನ ಕ್ಯಾಟಲಾಗು.

"ಹೆಸರು ಹಾಕಿ ಅಂತ ಕೇಳಲಿಲ್ವಾ ಮಾಮ?" ಅಂದೆ.

"ಒಂದ್ಸಲ ಕೇಳಿದ್ದೆ. ಚಿತ್ರಕ್ಕೆಲ್ಲ ಹೆಸರು ಹಾಕೋ ಪದ್ಧತಿ ಇಲ್ಲ ಅಂದ್ರು. ಬಿಡೋ, ಮಕ್ಕಳು ನೋಡಿದ್ರಲ್ಲ."

ಈ 'ಬಿಡೋ' ಇದೆಯಲ್ಲ, ಇದನ್ನ ವಿನಯ ಅಂತ ಹೊಗಳೋದು ಬಿಡಬೇಕು ನಾವು. ಲೇಖಕರು ಯಾರಾದ್ರೂ 'ನನ್ನ ಹೆಸರು ಬೇಡ ಬಿಡಿ, ಮಕ್ಕಳು ಓದಿದ್ರೆ ಸಾಕು' ಅಂದಿದ್ದು ಕೇಳಿದೀರಾ? ಕಲಾವಿದನ ವಿನಯ ನಮಗೆ ಅನುಕೂಲ, ಅದಕ್ಕೇ ಇಷ್ಟ.

ಪದ್ಧತಿ ಇಲ್ಲವಂತೆ. ಪದ್ಧತಿ ಯಾಕೆ, ಕಾನೂನೇ ಇದೆ. 1957ರ ಭಾರತದ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಚಿತ್ರಕ್ಕೆ ಕರ್ತೃ ಅಂದ್ರೆ ಚಿತ್ರಕಾರ. 57ನೇ ಕಲಂ ಪ್ರಕಾರ, ಹಕ್ಕನ್ನು ಮಾರಿದ ಮೇಲೂ 'ಇದು ನನ್ನ ಕೃತಿ' ಅಂತ ಹೇಳಿಕೊಳ್ಳೋ ಅಧಿಕಾರ ಅವನಿಗೇ. ದುಡ್ಡು ಕೊಟ್ಟೆ ಅಂದಮಾತ್ರಕ್ಕೆ ಹೆಸರು ನುಂಗೋ ಹಾಗಿಲ್ಲ. ಇನ್ನು 'ಕನ್ನಡದಲ್ಲಿ ಸಾವಿರ ಪ್ರತಿ ಹೋಗೋದೇ ಕಷ್ಟ, ಕಲಾವಿದರಿಗೆ ಕೊಡೋಕೆ ದುಡ್ಡೆಲ್ಲಿ' ಅನ್ನೋರಿಗೆ: ದುಡ್ಡಿನ ಜಗಳ ಇನ್ನೊಂದು ದಿನ ಆಡೋಣ, ಅದೂ ಬಾಕಿ ಇದೆ. ಹೆಸರಿಗೆ ಖರ್ಚೆಷ್ಟು? ಒಂದು ಸಾಲು. ನಾಲ್ಕು ಪುಟ ಮುನ್ನುಡಿ, ಮೂರು ಪುಟ ಬೆನ್ನುಡಿ, ಎರಡು ಪುಟ 'ನೆನಕೆಗಳು' ಅಚ್ಚಾಗೋ ಪುಸ್ತಕದಲ್ಲಿ ಆ ಒಂದು ಸಾಲಿಗೆ ಕಾಗದ ಸಾಲಲ್ವಾ?

ಓದುಗರನ್ನೂ ಬಿಡಲ್ಲ. ಚಂದಮಾಮ ಓದಿ ಬೆಳೆದ ಅಪ್ಪಂದಿರನ್ನ ಕೇಳಿ. ಹೆಗಲ ಮೇಲೆ ಶವ, ಕೈಯಲ್ಲಿ ಕತ್ತಿ, ವಿಕ್ರಮನ ಆ ಚಿತ್ರ ಕಣ್ಣಿಗೆ ಕಟ್ಟಿದ ಹಾಗಿದೆ ಅಂತಾರೆ. ಬರೆದದ್ದು ಯಾರು? ಶಂಕರ್. 2020ರಲ್ಲಿ ಚೆನ್ನೈಯಲ್ಲಿ ತೀರಿಕೊಂಡರು. ಆ ದಿನ ನಮ್ಮ ಮನೆ ವಾಟ್ಸಾಪ್ ಗುಂಪಿನಲ್ಲಿ ಚಿತ್ರ ಓಡಾಡ್ತು, 'ಬಾಲ್ಯದ ನೆನಪು' ಅಂತ. ಹೆಸರಿಲ್ಲದೆ. ಮುಖಪುಟಗಳಿಂದ ಚಂದಮಾಮಕ್ಕೆ ಕಳೆ ಕಟ್ಟಿದ ನಮ್ಮವರೇ ಆದ ಎಂ.ಟಿ.ವಿ. ಆಚಾರ್ಯರ ಹೆಸರು ನಿಮ್ಮ ಆಫೀಸಲ್ಲಿ ಕೇಳಿ ನೋಡಿ, ಎಷ್ಟು ಕೈ ಏಳುತ್ತೆ.

ಈಗಂತೂ ಹೊಸ ಅನುಕೂಲ ಬಂದಿದೆ. ಯಂತ್ರಕ್ಕೆ ಎರಡು ಸಾಲು ಹೇಳಿದ್ರೆ ಮುಖಪುಟ ರೆಡಿ. ನಾನು ಉಣ್ಣೋ ಅನ್ನ ಇದೇ ಉದ್ಯಮದ್ದು, ಹಾಗಾಗಿ ಸಾಧು ವೇಷ ಹಾಕಲ್ಲ. ಆದರೆ ಆ ಯಂತ್ರ ಕಲಿತದ್ದು ಯಾರ್ಯಾರದೋ ಕೈಯಿಂದ. ಮೊದಲು ಹೆಸರು ತೆಗೆದು ಎಲ್ಲಾ ಚಿತ್ರಗಳನ್ನು 'ಅಂತರ್ಜಾಲ' ಅನ್ನೋ ಒಂದೇ ಗುಡ್ಡೆಗೆ ಹಾಕಿದ್ವಿ, ಈಗ ಗುಡ್ಡೆಯೇ ಚಿತ್ರ ಬರೆಯೋಕೆ ಶುರು ಮಾಡಿದೆ. ಗುಡ್ಡೆ ಹಾಕಿದ್ದು ಯಂತ್ರ ಅಲ್ಲ.

ಫ್ರೀಡ್ಲ್ ಡಿಕರ್-ಬ್ರಾಂಡೈಸ್ ಅಂತ ಇನ್ನೊಬ್ಬಳು ಇದ್ದಳು. ಬೌಹೌಸ್ ಶಾಲೆಯಲ್ಲಿ ಕಲಿತವಳು, ಪುಸ್ತಕದ ಪುಟಗಳ ವಿನ್ಯಾಸವನ್ನೂ ಮಾಡಿದವಳು. ಪ್ರಾಗ್ ಹತ್ತಿರದ ಟೆರೆಜಿನ್ ಘೆಟ್ಟೋದಲ್ಲಿ ಮಕ್ಕಳಿಗೆ ಕದ್ದುಮುಚ್ಚಿ ಚಿತ್ರ ಹೇಳಿಕೊಟ್ಟಳು. ಕಾಗದ ಸಿಗ್ತಿರಲಿಲ್ಲ, ಆಫೀಸಿನ ಹಳೇ ಫಾರಮ್ಮುಗಳ ಹಿಂದುಗಡೆ ಬರೆಸ್ತಿದ್ದಳು. ಅವಳ ಒಂದು ಹಟ ಏನಂದ್ರೆ, ಮಕ್ಕಳು ಚಿತ್ರದ ಮೇಲೆ ತಮ್ಮ ಹೆಸರು ಹಾಕಬೇಕು. ಸುತ್ತಲಿನ ವ್ಯವಸ್ಥೆ ಆ ಮಕ್ಕಳಿಗೆ ಸಾಗಾಟದ ನಂಬರು ಕೊಟ್ಟಿತ್ತು. 1944ರ ಅಕ್ಟೋಬರ್‌ನಲ್ಲಿ ಅವಳನ್ನೂ ಆಶ್ವಿಟ್ಜ್‌ಗೆ ಕಳಿಸಿ ಕೊಂದರು. ಹೊರಡೋ ಮುಂಚೆ ಎರಡು ಸೂಟ್‌ಕೇಸಿನಲ್ಲಿ ಸುಮಾರು 4,500 ಚಿತ್ರ ತುಂಬಿ ಬಚ್ಚಿಟ್ಟಿದ್ದಳು. ಈಗ ಅವು ಪ್ರಾಗ್‌ನ ಯಹೂದಿ ಮ್ಯೂಸಿಯಮ್ಮಿನಲ್ಲಿವೆ. ಬಹುಪಾಲು ಮಕ್ಕಳು ಬದುಕಲಿಲ್ಲ. ಯಾವ ಚಿಟ್ಟೆ ಯಾರು ಬರೆದದ್ದು, ಅವರಿಗೆ ಎಷ್ಟು ವಯಸ್ಸಾಗಿತ್ತು, ಯಾವ ರೈಲಿನಲ್ಲಿ ಹೋದರು ಅಂತ ಇವತ್ತು ಹೇಳೋಕೆ ಆಗ್ತಿರೋದು ಮೂಲೆಯಲ್ಲಿರೋ ಆ ಹೆಸರುಗಳಿಂದ. ಸಾವು ಬಾಗಿಲಲ್ಲಿ ನಿಂತಿದ್ದಾಗ ಆಯಮ್ಮನಿಗೆ ಹೆಸರು ಬರೆಸೋಕೆ ಪುರುಸೊತ್ತಿತ್ತು. ನನಗೆ ಶನಿವಾರ ಮಧ್ಯಾಹ್ನ, ಎಸಿ ಕೋಣೆಯಲ್ಲಿ, ಎರಡು ನಿಮಿಷ ಇರಲಿಲ್ಲ.

ರಾಹೆಲ್ ಚಿತ್ರಗಳ ಕಾಪಿರೈಟ್ ಮುಗಿದಿದೆ, ನೀನು ಬಳಸಿದ್ದರಲ್ಲಿ ತಪ್ಪಿಲ್ಲ ಅಂತ ನಮ್ಮ ಗುಂಪಿನ ವಕೀಲ ಗೆಳೆಯ ಸಮಾಧಾನ ಹೇಳಿದ. ಬಳಸಿದ್ದಕ್ಕೆ ನನಗೂ ಬೇಜಾರಿಲ್ಲ. ಬೆಂಗಳೂರಿನ ಆರು ಜನರ ಪುಸ್ತಿಕೆಯಲ್ಲಿ ಅವಳ ಮೋಟ್ಲ್ ಕನ್ನಡ ಮಾತಾಡಿದ್ದು ಒಳ್ಳೇದೇ. ಅವಳೊಬ್ಬಳನ್ನ ಹೊರಗೆ ನಿಲ್ಲಿಸಿ ಬಾಗಿಲು ಹಾಕಿದ್ದೆವು, ಅಷ್ಟೇ.

ಊರಿಂದ ಬಂದ ಮೇಲೆ ಸಣ್ಣ ಚೀಟಿಗಳನ್ನ ಅಚ್ಚು ಹಾಕಿಸಿದೆ: 'ಮುಖಪುಟ ಚಿತ್ರ: ರಾಹೆಲ್ ಶಾಲಿಟ್'. ನನ್ನ ಹತ್ರ ಇಪ್ಪತ್ಮೂರು ಪ್ರತಿ ಉಳಿದಿತ್ತು, ಅಷ್ಟಕ್ಕೂ ಆ ಎರಡು ಪದದ ಮೇಲೆ ಅಂಟಿಸಿದೆ. ಉಳಿದ ಮೂವತ್ತೇಳು ನಿಮ್ಮಲ್ಲಿ ಯಾರ್ಯಾರ ಮನೆಯಲ್ಲೋ ಇವೆ. ದಯವಿಟ್ಟು ಹುಡುಕಿ ತೆಗೆದು, ಎರಡನೇ ಪುಟದಲ್ಲಿ ಪೆನ್ನಲ್ಲಿ ಬರೆದುಕೊಳ್ಳಿ. ಜಾಗ ಸಾಲದಿದ್ರೆ ನನ್ನ ಹೆಸರು ಹೊಡೆದು ಹಾಕಿ.

ಮಾಮನ ಪುಸ್ತಕ ಇದುವರೆಗೆ ನಾಲ್ಕು ಸಿಕ್ಕಿವೆ. ಕೊನೇದು ಸಿಕ್ಕಿದ್ದು ಹೋದ ತಿಂಗಳು, ಫುಟ್‌ಪಾತಲ್ಲಿ, ಇಪ್ಪತ್ತು ರೂಪಾಯಿಗೆ. ಮುಖಪುಟ ಹರಿದಿದೆ. ಮೂರನೇ ಪುಟದ ಹಸುವಿಗೆ ರೆಪ್ಪೆಗೂದಲು ಇದೆ.